ಅಂಗಳದಲ್ಲಿ ನಡೆದ ಹತ್ತನೆಯ ಪರೀಕ್ಷೆ

ಆ ವರ್ಷ ನಮ್ಮ ಕಡೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಇಬ್ಬರು ನಡೆಸಿದರು. ಒಬ್ಬರು ಸರಕಾರದವರು, ಇನ್ನೊಬ್ಬಳು ನಮ್ಮ ಸೋದರತ್ತೆ! ಇಬ್ಬರಲ್ಲಿ ಯಾರದು ಕಟ್ಟುನಿಟ್ಟು ಎಂದು ಕೇಳಿದರೆ, ಸರಕಾರಿ ಶಾಲೆಯ ಶಿಕ್ಷಕಿಯಾದ ನಾನು ಬಾಯಿ ಬಿಡದಿರುವುದೇ ಒಳ್ಳೆಯದು.

ಅತ್ತೆಯದು ರಬಕವಿ. ಮನೆಯಲ್ಲಿ ಎರಡು ಮಗ್ಗ, ಒಬ್ಬಳೇ ಮಗಳು ಸವಿತಾ. ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದರೂ ಅತ್ತೆಗೆ ಹತ್ತು ಮಾರು ದೂರದಿಂದ ಕಾಣುತ್ತದೆ. ಆದರೆ ಓದು ಬರಹ ಬಾರದು. ಹಾಗಾಗಿ ಯಾವ ಆದೇಶ ಬಂದರೂ ಅದರ ಅರ್ಥ ಕೇಳಲು ಮುಧೋಳದಲ್ಲಿರುವ ನನಗೆ ಫೋನು. ಕೊರೋನಾ ಕಾಲದ ಆದೇಶಗಳೋ, ಬೆಳಿಗ್ಗೆ ಒಂದು, ಸಂಜೆ ಇನ್ನೊಂದು! ನನಗೇ ತಿಳಿಯದ್ದನ್ನು ಅತ್ತೆಗೆ ತಿಳಿಸುವುದು ಹೇಗೆ?

ಪರೀಕ್ಷೆ ಮುಂದಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಕಡೆಗೂ ದಿನ ಗೊತ್ತಾಯಿತು ಅನ್ನುವಷ್ಟರಲ್ಲಿ ಪಕ್ಕದ ಮನೆಯವರಿಗೆ ಸೋಂಕು ತಗಲಿತು. ಎರಡೂ ಮನೆಗೆ ಒಂದೇ ನಳ. ಓಣಿಯ ಬಾಯಿಗೆ ಬಿದಿರು ಕಟ್ಟಿದರು. ಸವಿತಾ ಹದಿನಾಲ್ಕು ದಿನ ಹೊಸ್ತಿಲು ದಾಟುವಂತಿಲ್ಲ ಎಂದರು. ಪರೀಕ್ಷೆಗೆ ಉಳಿದದ್ದು ಎರಡೇ ದಿನ!

"ಬ್ಯಾನಿ ಬಂದಿದ್ದು ಬಾಜೂ ಮನಿಗೆ, ಪರೀಕ್ಷಾ ತಪ್ಪೂದು ನಮ್ಮ ಹುಡುಗಿಗೆ? ಇದ್ಯಾವ ನ್ಯಾಯಬೇ?" ಎಂದು ಅತ್ತೆ ಫೋನಿನಲ್ಲಿ ಕೂಗಿದಳು.

ನಾನು ಅವರಿವರನ್ನು ಕೇಳಿ ತಿಳಿದು ಹೇಳಿದೆ: "ಹೆದರಬ್ಯಾಡ ಅತ್ತಿ. ಇಂಥಾ ಹುಡುಗರಿಗೆ ಮುಂದ ಸಪ್ಲಿಮೆಂಟರಿಯವರ ಜೋಡಿ ಬರಿಯಾಕ ಕೊಡ್ತಾರಂತ."

"ಸಪ್ಲಿಮೆಂಟರಿ? ಅದು ಫೇಲಾದವರು ಬರಿಯೂದು! ನಮ್ಮಾಕಿ ಬರೀದನ ಫೇಲಾದಳೇನ?"

"ಫೇಲಲ್ಲ ಅತ್ತಿ. ಆಕಿನ್ನ ಫ್ರೆಶ್ ಅಂತ ಹಿಡೀತಾರ. ಅಂದ್ರ ಹೊಸಬಳು."

"ಹೊಸಬಳು? ಹತ್ತ ವರ್ಷ ಸಾಲಿಗೆ ಹೋಗ್ಯಾಳಲ್ಲಬೇ!"

ನಾನು ಫೋನು ಇಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ, ಫೇಲಾದವರ ನಡುವೆ ಕೂತು ಫೇಲಾಗದವಳು ಬರೆಯುವ ಈ ಏರ್ಪಾಡು ನನಗೂ ಪೂರ್ತಿ ಅರ್ಥವಾಗಿರಲಿಲ್ಲ.

ಪರೀಕ್ಷೆಯ ದಿನ ಅತ್ತೆ ಸರಕಾರದ ಕೈಯಿಂದ ಅಧಿಕಾರ ಕಿತ್ತುಕೊಂಡಳು. ಮಗಳಿಗೆ ಯೂನಿಫಾರ್ಮ್ ಹಾಕಿಸಿ, ಎರಡು ಜಡೆ ಹೆಣೆದು, ಅಂಗಳದ ಚಾಪೆಯ ಮೇಲೆ ಕೂರಿಸಿದಳು. ಸರಿಯಾಗಿ ಹತ್ತೂವರೆಗೆ ಹಿತ್ತಾಳೆಯ ತಟ್ಟೆ ಬಾರಿಸಿದಳು.

"ಬರಿ."

"ಏನ ಬರೀಲಿ ಅವ್ವಾ? ಪ್ರಶ್ನಾಪತ್ರಿಕಿ ಎಲ್ಲೈತಿ?"

"ವರ್ಷಗಟ್ಲೆ ಓದೀದಿ, ಅವರು ಏನ ಕೇಳ್ತಾರಂತ ನಿನಗ ಗೊತ್ತಿರೂದಿಲ್ಲೇನ? ನೀನ ಕೇಳಕೋ, ನೀನ ಬರಿ!"

ಮೂರು ತಾಸು ಅತ್ತೆ ಕೈ ಹಿಂದೆ ಕಟ್ಟಿಕೊಂಡು ಮಗಳ ಸುತ್ತ ತಿರುಗಿದಳು. ಒಳಗಿನಿಂದ ಮಾವ "ಚಾ ಆತೇನ?" ಎಂದು ಕೇಳಿದ್ದಕ್ಕೆ, "ಕಾಪಿ ಹೊಡಸಾಕತ್ತೀರೇನ?" ಎಂದು ಗದರಿದಳಂತೆ!

ಅಷ್ಟಕ್ಕೇ ಮುಗಿಯಿತೇ? ಬರೆದ ಹಾಳೆಗಳನ್ನು ದಾರದಿಂದ ಕಟ್ಟಿ, ಸೋಂಕು ಇರಬಾರದೆಂದು ಸ್ಯಾನಿಟೈಸರ್ ಸುರಿದು, ಬಿದಿರಿನ ತಡೆಯ ಬಳಿ ನಿಂತಿದ್ದ ಪೊಲೀಸಿನವನ ಮುಂದೆ ಹಿಡಿದಳು. ಮೇಲಿನ ಹಾಳೆಯ ಅಕ್ಷರಗಳು ಅದಾಗಲೇ ನೀಲಿ ಹಳ್ಳವಾಗಿ ಹರಿಯುತ್ತಿದ್ದವು.

"ಇದನ್ನ ಬೋರ್ಡಿಗೆ ಮುಟ್ಟಸ್ರಿ."

ಪಾಪ, ಆತನಿಗೆ ತಲೆಬುಡ ತಿಳಿಯಲಿಲ್ಲ. ಅತ್ತ ಇತ್ತ ನೋಡಿ, ಬಿದಿರಿಗೆ ನೇತುಹಾಕಿದ್ದ ‘ನಿರ್ಬಂಧಿತ ಪ್ರದೇಶ’ ಎಂಬ ಫಲಕ ತೋರಿಸಿದ. "ಬೋರ್ಡ್ ಇಲ್ಲೇ ಐತಲ್ಲ ಯವ್ವಾ!"

ಅತ್ತೆ ಕಟ್ಟನ್ನು ಅದರ ಕೆಳಗಿಟ್ಟು ಸಮಾಧಾನದಿಂದ ಮನೆಗೆ ಬಂದಳು. ಆರೂ ವಿಷಯಗಳು ಹೀಗೆಯೇ ಮುಗಿದವು. ಆಮೇಲೆ ನನಗೆ ಫೋನು: "ನಮ್ಮಾಕಿ ರಿಸಲ್ಟ್ ಯಾವಾಗಬೇ?"

"ಅತ್ತಿ, ಆ ಪರೀಕ್ಷಾ ನಡೆಯೂದಿಲ್ಲ."

"ಯಾಕ ನಡೆಯೂದಿಲ್ಲ? ಒಂದಕ್ಷರ ಕಾಪಿ ಹೊಡದಿಲ್ಲ ಆಕಿ!"

ಉಳಿದವರ ಫಲಿತಾಂಶ ಬಂತು. ಸವಿತಾಳ ಗೆಳತಿಯರು ಪೇಢೆ ಹಂಚಿ, ಕಾಲೇಜಿನ ಅರ್ಜಿ ತುಂಬಿದರು. ಸವಿತಾ ಅವರ ಫೋನು ಎತ್ತುವುದನ್ನೇ ಬಿಟ್ಟಳು. ಅಷ್ಟರಲ್ಲಿ ಪೂರಕ ಪರೀಕ್ಷೆಯ ದಿನವೂ ಗೊತ್ತಾಯಿತು, ಕೇಂದ್ರ ಜಮಖಂಡಿಯಲ್ಲಿ. ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡುತ್ತಾರೆಂದು ಕೇಳಿದ್ದೇ ತಡ, ಅತ್ತೆ ಮಗಳಿಗೆ ಎರಡು ದಿನ ಬಿಸಿ ಚಹಾ ಕೊಡಲಿಲ್ಲ. ಬಿಸಿ ಸಾರು ಸಹ ಆರಿಸಿ ಆರಿಸಿ ಬಡಿಸಿದಳಂತೆ!

ರಜೆ ಹಾಕಿ ನಾನೂ ಜೊತೆಗೆ ಹೋದೆ. ಗೇಟಿನಲ್ಲಿ ಸವಿತಾಳ ಹಣೆ ಪಾಸಾಯಿತು. ಅತ್ತೆ ತನ್ನ ಹಣೆಯನ್ನೂ ಮುಂದೆ ಚಾಚಿದಳು.

"ನೀವೂ ಪರೀಕ್ಷಾ ಬರೀತೀರೇನ್ರಿ?" ಎಂದು ಗೇಟಿನವರು ಕೇಳಿದರು.

"ಬರಿಯೂದು ಆಕಿನರಿ. ಖರೆ, ಎದಿ ಬಡ್ಕೊಳ್ಳಾಕತ್ತಿದ್ದು ನಂದು. ನೋಡಿಬಿಡ್ರಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸವಿತಾ ಮಾತ್ರ ನಗಲಿಲ್ಲ. ಗೇಟು ದಾಟಬೇಕಾದವಳು ನಿಂತಲ್ಲೇ ನಿಂತಳು.

"ಅವ್ವಾ, ನಮ್ಮ ಕ್ಲಾಸಿನವರು ಒಬ್ಬರೂ ಇಲ್ಲ. ನನಗೇನೂ ನೆನಪಾಗವಲ್ದು."

ಈಗ ಬೈಗುಳದ ಮಳೆ ಎಂದು ನಾನು ಕಾದೆ. ಅತ್ತೆ ಮಗಳ ಮಾಸ್ಕಿನ ದಾರವನ್ನು ಕಿವಿಯ ಹಿಂದೆ ಸರಿಮಾಡಿದಳು.

"ನನಗೂ ಏನೂ ತಿಳಿವಲ್ದು ಮಗಳ. ಯಾವ ಸುದ್ದಿ ಖರೆ, ಯಾವುದು ಸುಳ್ಳು, ಯಾರನ್ನ ಕೇಳಬೇಕು, ಇಷ್ಟ ದಿನ ಒಂದೂ ತಿಳೀಲಿಲ್ಲ. ನೀ ಹೋಗಿ ಕುಂದ್ರು. ಬಂದಷ್ಟು ಬರಿ."

ಸವಿತಾ ಒಳಗೆ ಹೋದಳು. ಆಕೆ ಪಾಸಾದಳು, ತಡವಾಗಿಯಾದರೂ ಕಾಲೇಜು ಸೇರಿದಳು. ಅದೆಲ್ಲ ಆಮೇಲಿನ ಮಾತು. ಆ ದಿನ ಎಲ್ಲ ತಾಯಂದಿರೂ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದರೆ, ಅತ್ತೆ ಒಬ್ಬಳೇ ರಸ್ತೆಯ ನಡುವೆ ಬಿಸಿಲಿನಲ್ಲಿ ನಿಂತಿದ್ದಳು. ಒಂದು ತಾಸಾಯಿತು, ಎರಡು ತಾಸಾಯಿತು. ನಾನು ಹೋಗಿ ಕೈ ಹಿಡಿದೆಳೆದೆ.

"ನೆರಳಿಗೆ ಬಾ ಅತ್ತಿ. ತಲಿ ತಿರುಗಿ ಬೀಳ್ತಿ."

ಅತ್ತೆ ಶಾಲೆಯ ಕಿಟಕಿಗಳ ಉದ್ದನೆಯ ಸಾಲಿನಿಂದ ಕಣ್ಣು ತೆಗೆಯಲಿಲ್ಲ.

"ಆಕಿ ಯಾವ ಖೋಲ್ಯಾಗ ಕುಂತಾಳೋ ಗೊತ್ತಿಲ್ಲ. ಯಾವ ಕಿಡಕ್ಯಾಗಿಂದ ನೋಡಿದ್ರೂ ನಾ ಕಾಣಬೇಕಲ್ಲಬೇ."