ಹೊನ್ನಾರಿನ ಸೊಟ್ಟ ಸಾಲು

ನಲವತ್ತೈದು ದಾಟಿದ ಗಂಡಸು ಎರಡು ಕೆಲಸಕ್ಕೆ ಕೈಹಾಕಬಾರದು. ಈಜು ಕಲಿಯುವುದು ಒಂದು, ಊರು ಬದಲಾಯಿಸುವುದು ಇನ್ನೊಂದು. ಈಜುವಾಗ ಮುಳುಗಿದರೆ ಯಾರಾದರೂ ಪುಣ್ಯಾತ್ಮರು ಜುಟ್ಟು ಹಿಡಿದು ಎಳೆದಾರು. ಊರು ಬದಲಾಯಿಸಿ ಮುಳುಗುವವನನ್ನು ಮಾತ್ರ ಜನ ದಡದಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು ನೋಡುತ್ತಾರೆ. ನನಗೆ ನೀರೆಂದರೆ ಭಯ, ಆದ್ದರಿಂದ ಈಜು ಕಲಿಯಲಿಲ್ಲ. ಊರು ಬದಲಾಯಿಸಿದೆ.

ಮೈಸೂರಿನ ಒಂದು ಕಚೇರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಗುಮಾಸ್ತೆಯಾಗಿದ್ದೆ. ಬಂದ ಕಾಗದ, ಹೋದ ಕಾಗದಗಳ ರಿಜಿಸ್ಟರಿಗೆ ಗೆರೆ ಎಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಅಲ್ಲಿರಲಿಲ್ಲ. ರೂಲುದೊಣ್ಣೆ ಇಟ್ಟು ಪೆನ್ನು ಹಿಡಿದೆನೆಂದರೆ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗುತ್ತಿರಲಿಲ್ಲ. ಬೇರೆ ಯಾವ ಗುಣವೂ ಇಲ್ಲದವನಿಗೆ ಇರುವ ಒಂದೇ ಗುಣದ ಮೇಲೆ ಎಷ್ಟು ಜಂಬವಿರುತ್ತದೆಂದು ನಿಮಗೆ ಗೊತ್ತೇ ಇದೆ. ಹೀಗಿರುವಾಗ, ಹಿರೀಸಾವೆಯಿಂದ ಎರಡು ಮೈಲಿಯ ಹಳ್ಳಿಯಲ್ಲಿದ್ದ ನನ್ನ ಸೋದರಮಾವ ಮಕ್ಕಳಿಲ್ಲದೆ ತೀರಿಕೊಂಡು, ಅವರ ಮನೆಯೂ ನಾಲ್ಕು ಎಕರೆ ಹೊಲವೂ ನನ್ನ ಪಾಲಿಗೆ ಬಂದವು. ಆಗ ಯುದ್ಧಕಾಲ. ಅಕ್ಕಿಗೆ ಒಂದು ಕಡೆ, ಸೀಮೆಎಣ್ಣೆಗೆ ಇನ್ನೊಂದು ಕಡೆ ನಿಂತೂ ನಿಂತೂ ನನ್ನ ಕಾಲು ಸೋತಿತ್ತು. ರಾಜೀನಾಮೆ ಬರೆದುಕೊಟ್ಟೆ. ಅದಕ್ಕೂ ಅಂಚಿನಲ್ಲಿ ಗೆರೆ ಎಳೆದೇ ಕೊಟ್ಟೆ. ನನ್ನ ಹೆಂಡತಿ ಗೌರಮ್ಮ ಮಾತ್ರ, "ರೀ, ಕುಂಡದಲ್ಲಿ ಹಾಕಿದ ಕೊತ್ತಂಬರೀನೇ ನಿಮ್ಮ ಕೈಯಲ್ಲಿ ಬದುಕಲಿಲ್ಲ. ಪಾಪ, ರಾಗಿ ನಿಮಗೇನು ಮಾಡಿತ್ತು?" ಎಂದಳು. ನಾನು ಸಾಮಾನು ಕಟ್ಟಲು ಶುರುಮಾಡಿದೆ.

ಹಾಸನ ದಾಟಿ ಪಡುವಲಕ್ಕೆ ಹೋದರೆ ಬೆಟ್ಟವಂತೆ, ಕಾಡಂತೆ. ಅದರಲ್ಲಿ ಒಂದು ದಿಬ್ಬವನ್ನಾದರೂ ದೇವರು ನಮ್ಮೂರಿಗೆ ಕೊಟ್ಟಿಲ್ಲ. ರೊಟ್ಟಿ ತಟ್ಟಿ ಹರವಿದ ಹಾಗೆ ಹೊಲ, ಅದರಾಚೆ ಹೊಲ, ಅದರಾಚೆ ರಸ್ತೆ, ರಸ್ತೆಯಾಚೆ ಮತ್ತೆ ಹೊಲ. ಇಂಥ ಬಯಲಿನಲ್ಲಿ ಸಂಸಾರಸ್ಥ ಸರಿಯಾಗಿ ಸಿಟ್ಟುಮಾಡಿಕೊಳ್ಳುವುದೂ ಸಾಧ್ಯವಿಲ್ಲ. ಬಂದ ಹೊಸದರಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡಿ, ಟವಲು ಹೆಗಲಿಗೆ ಬೀಸಿಕೊಂಡು ಮನೆಬಿಟ್ಟು ಹೊರಟೆ. ಮೈಸೂರಿನಲ್ಲಾದರೆ ಎರಡನೆಯ ತಿರುವಿನಲ್ಲಿ ಗಂಡ ಮಾಯವಾಗುತ್ತಾನೆ, ಹೆಂಡತಿಗೆ ಎದೆ ಡವಡವ ಅನ್ನುತ್ತದೆ. ಇಲ್ಲಿ ಒಂದು ಮೈಲಿ ನಡೆದು ಹಿಂದಿರುಗಿ ನೋಡುತ್ತೇನೆ, ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ನನ್ನನ್ನೇ ನೋಡುತ್ತಿದ್ದಾಳೆ! ದಾರಿಯಲ್ಲಿ ಮೂರು ಹೊಲದವರು ಕೆಲಸ ನಿಲ್ಲಿಸಿ, "ಯಾಕ್ ಸಾ, ಅಮ್ಮಾರ್ ಕೂಡೆ ಮುನುಸ್ಕಂಡ್ರಾ?" ಎಂದು ಕೇಳಿದರು. ನಾನು ಮನೆಯ ಕಡೆ ಮುಖ ತಿರುಗಿಸಿದ್ದನ್ನು ಕಂಡ ಮೇಲೆ ಗೌರಮ್ಮ ಎದ್ದು ಮುದ್ದೆಗೆ ಎಸರಿಟ್ಟಳಂತೆ. ನಾನು ಹೊಸಲು ದಾಟುವ ಹೊತ್ತಿಗೆ ಮುದ್ದೆ ತಟ್ಟೆಯಲ್ಲಿತ್ತು.

ಊರಿನವರು ಒಳ್ಳೆಯವರೇ. ಎದುರಿಗೆ "ಸಾ" ಎನ್ನುತ್ತಿದ್ದರು, ಹಿಂದೆ "ಮೈಸೂರಯ್ಯ" ಎನ್ನುತ್ತಿದ್ದರು. ಆದರೆ ಕೆರೆಯ ತೂಬಿನ ಮಾತು ಬಂದಾಗ, ಹೋರಿ ಕೊಳ್ಳುವ ಮಾತು ಬಂದಾಗ ನನ್ನ ಕಡೆ ಯಾರೂ ತಿರುಗುತ್ತಿರಲಿಲ್ಲ. ಯುದ್ಧದ ಸುದ್ದಿ ಮಾತ್ರ ಕೇಳುತ್ತಿದ್ದರು. ನನ್ನ ಹೊಲವನ್ನು ಪಕ್ಕದ ಹೊಲದ ಜವರೇಗೌಡರು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಮಾಡುತ್ತಿದ್ದರು, ನಾನು ಬದುವಿನ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದೆ. ನಾನೂ ಈ ಊರಿನವನು ಅನ್ನಿಸಿಕೊಳ್ಳಬೇಕೆಂಬ ಆಸೆ ನನಗೆ ಹಸಿವಿನ ಹಾಗೆ ಕಾಡುತ್ತಿತ್ತು.

ಆಗ ಯುಗಾದಿ ಬಂತು. ನಮ್ಮ ಸೀಮೆಯಲ್ಲಿ ವರ್ಷದ ಮೊದಲ ಉಳುಮೆಗೆ ಹೊನ್ನಾರು ಎನ್ನುತ್ತಾರೆ. ಜೋಯಿಸರು ಗುಡಿಯ ಮುಂದೆ ಪಂಚಾಂಗ ಓದಿ, ಈ ವರ್ಷ ಇಂಥ ಅಕ್ಷರದ ಹೆಸರಿನವನ ಕೈ ಒಳ್ಳೆಯದು ಎನ್ನುತ್ತಾರೆ. ಆ ಹೆಸರಿನವನು ಮೊದಲ ನೇಗಿಲು ಹೂಡಬೇಕು. ಊರಿನ ನೇಗಿಲುಗಳೆಲ್ಲ ಅವನ ಹಿಂದೆ ಹೋಗಬೇಕು. ಸಾಲು ಮುಗಿಯುವ ತನಕ ಅವನನ್ನು ಯಾರೂ ಕೂಗಬಾರದು, ಅವನ ಸಾಲನ್ನು ಯಾರೂ ದಾಟಬಾರದು. ಮಳೆ ಬೆಳೆ ಚೆನ್ನಾದರೆ ಅದು ಅವನ ಕೈಗುಣ. ಕೆಟ್ಟರೆ ಅದೂ ಅವನದೇ. ಹಿಂದೆ ಯಾವಾಗಲೋ ಒಬ್ಬರು ಹೊನ್ನಾರು ಹೂಡುವಾಗ ನೊಗ ಮುರಿದು, ಆ ವರ್ಷ ಮಳೆ ಕೈಕೊಟ್ಟಿತಂತೆ. ಅವರು ಸತ್ತು ಎಷ್ಟೋ ಕಾಲವಾಗಿದೆ. ಅವರ ಮೊಮ್ಮಕ್ಕಳ ಮನೆಗೆ ಈಗಲೂ "ನೊಗಮುರುಕರ ಮನೆ" ಎಂದೇ ಹೆಸರು.

ಆ ವರ್ಷ ಜೋಯಿಸರು 'ನ'ಕಾರ ಎಂದರು. ಊರಿನಲ್ಲಿ 'ನ'ಕಾರದವರು ಇಬ್ಬರು ಗೌಡರು. ಒಬ್ಬರು ಅಟ್ಟದಿಂದ ಬಿದ್ದು ಕಾಲು ಕಟ್ಟಿಸಿಕೊಂಡಿದ್ದರು, ಇನ್ನೊಬ್ಬರಿಗೆ ಸೂತಕ. ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ಹೆಸರು ನಂಜುಂಡಯ್ಯ. "ನಂಜುಂಡಯ್ಯನವರು ಸುಮ್ಮನೆ ನೇಗಿಲಿನ ಹಿಡಿ, ಮೇಣಿ ಮುಟ್ಟಿಕೊಡಲಿ, ಮುಂದಿನದನ್ನು ಜವರೇಗೌಡ ಹೊಡೆಯಲಿ" ಎಂದು ಜೋಯಿಸರು ಉಪಾಯ ಹೇಳಿದರು. ಅಷ್ಟಕ್ಕೆ ಒಪ್ಪಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಮುಟ್ಟಿಕೊಡುವುದೇಕೆ? ನಾನೇ ಹೊಡೆಯುತ್ತೇನೆ. ಇಪ್ಪತ್ತೆರಡು ವರ್ಷ ನೆಟ್ಟಗೆ ಗೆರೆ ಎಳೆದ ಕೈ ಇದು!" ಎಂದುಬಿಟ್ಟೆ. ಹೆಂಗಸರ ಗುಂಪಿನಲ್ಲಿ ಗೌರಮ್ಮ ಹಣೆ ಒತ್ತಿಕೊಂಡದ್ದು ಕಾಣಿಸಿತು.

ಜವರೇಗೌಡರು ಎರಡು ದಿನ ನನಗೆ ಪಾಠ ಹೇಳಿದರು. ಒತ್ತಿದರೆ ನೇಗಿಲು ಪಾತಾಳಕ್ಕೆ ಇಳಿಯುತ್ತಿತ್ತು, ಬಿಟ್ಟರೆ ಮೇಲೆ ಎಗರುತ್ತಿತ್ತು. ಎತ್ತುಗಳು ನಿಂತು ತಿರುಗಿ ನನ್ನನ್ನೇ ನೋಡುತ್ತಿದ್ದವು. ಕೊನೆಗೆ ಗೌಡರು ಒಂದು ಗುಟ್ಟು ಹೇಳಿದರು. "ನ್ಯಾಗ್ಲೂ ನೋಡ್ಬ್ಯಾಡಿ ಸಾ, ಎತ್ನೂ ನೋಡ್ಬ್ಯಾಡಿ. ದೂರ್‍ದಲ್ಲಿ ಒಂದು ಗುರುತ್ ಇಟ್ಕಳಿ. ಕಣ್ಣ ಅಲ್ಲೇ ನೆಟ್ಬುಡಿ, ಕೀಳ್ಬ್ಯಾಡಿ. ಕಣ್ ಎಲ್ಲೋ ಸಾಲ್ ಅಲ್ಲೇ ಸಾ." ಇದು ನನಗೆ ಹಿಡಿಸಿತು. ಕಚೇರಿಯಲ್ಲೂ ನಾನು ಗೆರೆಯ ಕೊನೆಯ ಚುಕ್ಕಿಯನ್ನೇ ನೋಡುತ್ತಿದ್ದವನು. ಆ ಗುರುತು ಅಲುಗಾಡದ್ದಾಗಿರಬೇಕು ಎಂದು ಮಾತ್ರ ಗೌಡರು ಹೇಳಲಿಲ್ಲ. ಅದನ್ನೂ ಒಬ್ಬರಿಗೆ ಹೇಳಬೇಕಾದೀತೆಂದು ಯಾವ ರೈತನಿಗೆ ತಾನೇ ಹೊಳೆದೀತು?

ಹೊನ್ನಾರಿನ ಬೆಳಿಗ್ಗೆ ಮಿಂದು, ಹಣೆ ತುಂಬ ವಿಭೂತಿ ಧರಿಸಿ, ಪಂಚೆ ಎತ್ತಿಕಟ್ಟಿದೆ. ನೇಗಿಲಿಗೆ ಅರಿಶಿನ ಕುಂಕುಮ, ಎತ್ತಿನ ಕೊಂಬಿಗೆ ಬಣ್ಣ, ಮುಂದೆ ತಮಟೆ, ಹಿಂದೆ ಇಪ್ಪತ್ತು ನೇಗಿಲು. ಊರ ಮುಂದಿನ ಗುಡಿಯ ಹೊಲದಲ್ಲಿ ಮೇಣಿ ಹಿಡಿದು ದೂರಕ್ಕೆ ನೋಡಿದೆ. ಆ ದಿಕ್ಕಿನಲ್ಲಿ ಒಂದು ಮರವೂ ಇಲ್ಲ. ಆದರೆ ರಸ್ತೆಯ ಹತ್ತಿರ ಬೆಳ್ಳಗೆ ಏನೋ ಕಂಡಿತು. ಸುಣ್ಣ ಬಳಿದ ಕಲ್ಲಿರಬೇಕು ಎಂದುಕೊಂಡು, ಶಿವ ಶಿವಾ ಎಂದು ಕಣ್ಣನ್ನು ಅಲ್ಲಿ ನೆಟ್ಟೆ. ನೇಗಿಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆಹಾ, ಹುಟ್ಟಿದರೆ ರೈತನಾಗಿ ಹುಟ್ಟಬೇಕು ಎನ್ನಿಸಿತು! ತಮಟೆಯ ಸದ್ದು ಏಕೋ ತಡವರಿಸಿದ ಹಾಗಾಯಿತು. ನಾನು ಕಣ್ಣು ಕೀಳಲಿಲ್ಲ. ಸಾಲಿನ ಕೊನೆಗೆ ಬಂದಾಗ ಆ ಬಿಳಿಯ ಕಲ್ಲು ತಲೆಯೆತ್ತಿ, ಬಾಲ ಬೀಸಿ, "ಅಂಬಾ" ಎಂದಿತು.

ಅದು ಮೇಯುತ್ತಾ ಮೇಯುತ್ತಾ ಎಡಕ್ಕೆ ಹೋಗಿತ್ತು. ನಾನೂ ಹೋಗಿದ್ದೆ. ತಿರುಗಿ ನೋಡಿದರೆ ನನ್ನ ಸಾಲು ಕುಡುಗೋಲಿನ ಹಾಗೆ ಬಾಗಿ ಬಂದಿದೆ. ಕೂಗುವ ಹಾಗಿಲ್ಲ, ದಾಟುವ ಹಾಗಿಲ್ಲ ಎಂದು ಹಿಂದಿನ ಇಪ್ಪತ್ತು ನೇಗಿಲಿನವರೂ, ಹುಟ್ಟಿದಾಗಿನಿಂದ ನೆಟ್ಟಗೆ ಉತ್ತು ಬಂದ ಗೌಡರುಗಳು, ತುಟಿ ಬಿಗಿದುಕೊಂಡು ಅದೇ ಕುಡುಗೋಲನ್ನು ಉತ್ತುಕೊಂಡು ಬರುತ್ತಿದ್ದಾರೆ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಾಲು ಮುಗಿಸಿದವರೆಲ್ಲ ಜೋಯಿಸರ ಕಡೆ ನೋಡಿದರು. ಜೋಯಿಸರು ಗಂಟಲು ಸರಿಮಾಡಿಕೊಂಡು, "ಹೊನ್ನಾರು ನೆಟ್ಟಗಿರಬೇಕು ಅಂತ ಶಾಸ್ತ್ರದಲ್ಲೇನೂ ಇಲ್ಲ" ಎಂದರು. ಸಾಲನ್ನು ಇನ್ನೊಮ್ಮೆ ನೋಡಿ, "ಸೊಟ್ಟಗಿರಬಹುದು ಅಂತಲೂ ಇಲ್ಲ" ಎಂದರು.

ಹೊನ್ನಾರಿನ ಹೊಲವನ್ನು ಒಳ್ಳೆಯ ಮಳೆ ಬೀಳುವ ತನಕ ಮತ್ತೆ ಉಳುವ ಹಾಗಿಲ್ಲ. ಹಾಗಾಗಿ ನನ್ನ ಕುಡುಗೋಲು ಆ ಬಯಲಿನಲ್ಲಿ ಬಿದ್ದುಕೊಂಡು ಲೋಕಕ್ಕೆಲ್ಲ ಕಾಣುತ್ತಿತ್ತು. ಚನ್ನರಾಯಪಟ್ಟಣಕ್ಕೆ ಹೋಗುವ ಇದ್ದಿಲು ಗ್ಯಾಸಿನ ಬಸ್ಸು ದಿನಕ್ಕೊಂದು ಸಲ ಬುಸುಗುಟ್ಟುತ್ತಾ ಆ ಹೊಲದ ಎದುರಿಗೆ ಬಂದು ಏದುಸಿರು ಬಿಡಲು ನಿಲ್ಲುತ್ತಿತ್ತು. ಅದರೊಳಗಿನ ಜನ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಅಷ್ಟಾದರೂ ತಡೆದುಕೊಳ್ಳುತ್ತಿದ್ದೆ. ಅಶ್ವಿನಿ ಮಳೆ ಹನಿಯಿಲ್ಲದೆ ಹೋಯಿತು. ಭರಣಿಯಲ್ಲೂ ಮೂರು ಪಾದ ಕಳೆಯಿತು, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ನನಗೆ ಅನ್ನ ಇಳಿಯದಾಯಿತು. ಮಳೆ ಹೋದರೆ ಊರಿನ ರಾಗಿ ಹೋಯಿತು, ಇಷ್ಟು ಮನೆಯ ಮಕ್ಕಳ ಮುದ್ದೆ ಹೋಯಿತು. ಅದಕ್ಕೆಲ್ಲ ನನ್ನ ಜಂಬ ಕಾರಣ ಎಂದು ನೆನೆದರೆ ನಿಜವಾಗಿ ಸಂಕಟವಾಗುತ್ತಿತ್ತು. "ಮೈಸೂರಿಗೆ ವಾಪಸು ಹೋಗೋಣವೇನೇ?" ಎಂದು ಗೌರಮ್ಮನನ್ನು ಕೇಳಿದೆ. "ಹೋಗೋದಾದ್ರೆ ಹೋಗೋಣ. ಆದ್ರೆ ಇವರ ಮುಂದೆ ತಲೆ ತಪ್ಪಿಸಿಕೊಂಡು ನಾನು ಬರೋಲ್ಲ. ಮಳೆ ಬಂದ ಮೇಲೆ ಹೋಗೋಣ" ಎಂದಳು. ನಮ್ಮೂರ ಹೆಣ್ಣು ಮಕ್ಕಳೊಡನೆ ಸೇರಿ ಅವಳು ಯಾವಾಗ ಅಷ್ಟು ಗಟ್ಟಿಯಾದಳೋ ನನಗೆ ತಿಳಿದಿರಲಿಲ್ಲ.

ಭರಣಿಯ ನಾಲ್ಕನೆಯ ಪಾದದಲ್ಲಿ ಮಳೆ ಬಂತು. ಬಂತು ಎಂದರೆ ಸುಮ್ಮನೆ ಬರಲಿಲ್ಲ, ಕೆರೆಗೆ ಆಳುದ್ದ ನೀರು ಬರುವ ಹಾಗೆ ಬಂತು. ನಾನು ಅಂಗಳದಲ್ಲಿ ನಿಂತು ನೆನೆದೆ. ಅತ್ತೆನೋ ನಕ್ಕೆನೋ ನೀರಿನಲ್ಲಿ ಗೊತ್ತಾಗಲಿಲ್ಲ. ಮುಂದೆಯೂ ಮಳೆ ಹದವರಿತು ಬಿದ್ದು, ರಾಗಿ ತೆನೆ ಮಕ್ಕಳ ಮುಷ್ಟಿಯಷ್ಟು ದಪ್ಪಗೆ ಕಟ್ಟಿತು. ಕಣ ಮಾಡುವಾಗ ಜವರೇಗೌಡರು ಮೊದಲ ಮೊರ ರಾಗಿಯನ್ನು ನನ್ನ ಮನೆಗೆ ಕಳಿಸಿದರು. ಕೆರೆಯ ತೂಬಿನ ಮಾತಿಗೆ ನನ್ನನ್ನೂ ಕರೆದರು. ನಾನು ಹೋಗಿ ಏನೂ ತಿಳಿಯದೆ ಎಲ್ಲದಕ್ಕೂ ತಲೆದೂಗಿ ಬಂದೆ.

ಆದರೆ ಆ ಕುಡುಗೋಲು ನನ್ನ ಹೊಟ್ಟೆಯೊಳಗೆ ಹಾಗೇ ಇತ್ತು. ಇನ್ನೊಂದು ಹೊನ್ನಾರು ಬರುವುದರೊಳಗೆ ನೆಟ್ಟಗೆ ಉಳುವುದನ್ನು ಕಲಿತೇ ತೀರಬೇಕೆಂದು ಹಟ ಹಿಡಿದೆ. ಗುಟ್ಟಾಗಿ ಕಲಿಯೋಣವೆಂದರೆ ಬಯಲಿನಲ್ಲಿ ಗುಟ್ಟೆಲ್ಲಿ ಬಂತು? ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋದರೂ, ಬೆಳಕು ಹರಿದಾಗ ನಾಲ್ಕು ಜನ ಬದುವಿನ ಮೇಲೆ ಕೂತಿರುತ್ತಿದ್ದರು. ಅಂಗೈ ಬೊಬ್ಬೆ ಬಂದು ಒಡೆದು ಕಾಯಿಗಟ್ಟಿತು. ಮಾಘದ ಹೊತ್ತಿಗೆ ನನ್ನ ಸಾಲು ರಿಜಿಸ್ಟರಿನ ಗೆರೆಯಂತಲ್ಲದಿದ್ದರೂ, ಮರ್ಯಾದಸ್ಥರ ಸಾಲು ಅನ್ನುವಷ್ಟಾಯಿತು.

ಮತ್ತೆ ಯುಗಾದಿ. ಈ ಸಲ ಜೋಯಿಸರು ಪಂಚಾಂಗ ಬಿಚ್ಚುವ ಮೊದಲೇ ನನ್ನ ಮುಖ ನೋಡಿ, "ಈ ವರ್ಷವೂ 'ನ'ಕಾರವೇ" ಎಂದರು. ಗ್ರಹಗಳೂ ಊರಿನವರ ಮಾತು ಕೇಳುತ್ತವೆಂದು ನನಗೆ ಅಂದು ತಿಳಿಯಿತು. ನಾನು ಎದೆಯುಬ್ಬಿಸಿ ಎದ್ದೆ. ಸಂಜೆ ಜವರೇಗೌಡರು ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಮನೆಗೆ ಬಂದು, ಜಗಲಿಯ ಮೇಲೆ ಕೂತು, ಬಹಳ ಹೊತ್ತು ತಲೆ ಕೆರೆದುಕೊಂಡರು.

"ಏನು ಗೌಡರೆ?" ಎಂದೆ.

"ಏನಿಲ್ಲ ಸಾ. ನೀವು ವರ್ಸೆಲ್ಲಾ ಕಷ್ಟ ಬಿದ್ದು ನೆಟ್ಟಗೆ ಒಡೆಯಾದ್ ಕಲ್ತಿದ್ದೀರಿ, ನಾವೂ ನೋಡಿದ್ದೀವಿ. ಆದ್ರೆ ಈ ಒಂದಿನ ಮಾತ್ರ ಒಸಿ ಮನ್ಸ್ ಮಾಡಿ, ಓದೊರ್ಸದಂಗೇ ಸೊಟ್ಟಕ್ಕೇ ಒಡ್ದುಬುಡಿ. ಕೂಡಿಬಂದಿದ್ದ ಯಾಕ್ ಕೆಡುಸ್ಬೇಕು ಏಳಿ?"

ನನಗೆ ಮೈಯೆಲ್ಲ ಉರಿಯಿತು. ಒಂದು ವರ್ಷ ಅಂಗೈ ಸುಲಿದುಕೊಂಡದ್ದು ಇದಕ್ಕೇ? "ಆಗಲಿ, ನೋಡೋಣ" ಎಂದು ಬಾಯಲ್ಲಿ ಹೇಳಿ ಕಳಿಸಿ, ಒಳಗೆ ಬಂದು ಗೌರಮ್ಮನಿಗೆ, "ನಾಳೆ ನೋಡುತ್ತಿರು, ಹಗ್ಗ ಹಿಡಿದ ಹಾಗೆ ಹೊಡೆಯುತ್ತೇನೆ. ಮಳೆ ಬಂದದ್ದು ಶಿವನ ದಯದಿಂದ, ಹಸುವಿನ ದಯದಿಂದ ಅಲ್ಲ" ಎಂದೆ. ಅವಳು ಹೋಳಿಗೆಗೆ ಬೇಳೆ ಆರಿಸುತ್ತಾ, "ಹೂಂ" ಎಂದಳು.

ಮಾರನೆಯ ದಿನ ಹೊಲದಲ್ಲಿ ನಿಂತು ಮೊದಲು ದನಕರುಗಳನ್ನೆಲ್ಲ ದೂರ ಹೊಡೆಸಿದೆ. ಅಲುಗಾಡದ ಗುರುತು ಬೇಕಲ್ಲ! ಪುಣ್ಯಕ್ಕೆ ರಸ್ತೆಯಲ್ಲಿ ಗ್ಯಾಸಿನ ಬಸ್ಸು ಕೆಟ್ಟು ನಿಂತಿತ್ತು. ನಿನ್ನೆ ಮಧ್ಯಾಹ್ನದಿಂದಲೂ ಅಲ್ಲೇ ಇತ್ತು, ಡ್ರೈವರೂ ಪ್ರಯಾಣಿಕರೂ ಅದರ ನೆರಳಲ್ಲೇ ಮಲಗಿದ್ದರು. ಅದಕ್ಕಿಂತ ಸ್ಥಿರವಾದ ವಸ್ತು ನಮ್ಮ ತಾಲ್ಲೂಕಿನಲ್ಲಿ ಇನ್ನಾವುದಿದೆ? ಕಣ್ಣನ್ನು ಅದರ ಮೂತಿಗೆ ನೆಟ್ಟು, ಮೇಣಿ ಒತ್ತಿ, ಎತ್ತು ಹೊಡೆದೆ. ಕಣ್ಣು ಕೀಳಲಿಲ್ಲ. ಕಲಿತ ವಿದ್ಯೆಯನ್ನೆಲ್ಲ ಕೈಗೆ ತಂದುಕೊಂಡು, ಒಂದೇ ಮನಸ್ಸಿನಿಂದ ಉತ್ತೆ. ಅರ್ಧ ದಾರಿಯಲ್ಲಿ ರಸ್ತೆಯ ಕಡೆಯಿಂದ "ಐಸಾ! ಐಸಾ!" ಎಂದು ಕೂಗು ಕೇಳಿತು. ಇಳಿದಿದ್ದ ಪ್ರಯಾಣಿಕರು ಬಸ್ಸನ್ನು ತಳ್ಳುತ್ತಿದ್ದರೆಂದು ನನಗೆ ಹೊಳೆದದ್ದು ಸಾಲು ಮುಗಿದ ಮೇಲೆ.

ತಿರುಗಿ ನೋಡಿದೆ. ಹೋದ ವರ್ಷದ್ದೇ ಕುಡುಗೋಲು. ಇಪ್ಪತ್ತು ನೇಗಿಲು ಅದರ ಹಿಂದೆ, ಈ ಸಲ ನಗುನಗುತ್ತಾ ಬರುತ್ತಿದ್ದವು. ಜವರೇಗೌಡರು ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೋಡ್ರಲಾ, ಏಳಿದ್ ಮಾತ್ ನಡ್ಸಿಕೊಟ್ರು! ನೆಟ್ಟಗೆ ಒಡೆಯಾಕ್ ಬಂದ್ರೂ ನಮ್ಗೋಸ್ಕರ ಸೊಟ್ಟಗ್ ಒಡುದ್ರು. ಒಂದ್ ಗೇಣೂ ಎಚ್ಚುಕಮ್ಮಿ ಇಲ್ಲ ಕಣ್ರಲಾ! ನಮ್ಮ ಅಯ್ನೋರು ಅಂದ್ರೆ ಅಯ್ನೋರು!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಮೈಸೂರಯ್ಯ ಹೋಗಿ "ನಮ್ಮ ಅಯ್ನೋರು" ಆಗಿದ್ದೆ. ನಾನೇನು ಮಾಡಲಿ ಹೇಳಿ? ವಿನಯದಿಂದ ತಲೆ ತಗ್ಗಿಸಿ, "ಊರಿಗಿಂತ ನನ್ನ ಹಟ ದೊಡ್ಡದೇ ಗೌಡರೆ?" ಎಂದೆ.

ಮನೆಗೆ ಬಂದು ಎಲೆಯ ಮುಂದೆ ಕೂತೆ. ಗೌರಮ್ಮ ಎರಡು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ನಾನು ಗತ್ತಿನಿಂದ, "ಹಿರಿಯರು ಅಷ್ಟು ಕೇಳಿಕೊಂಡ ಮೇಲೆ ಮನಸ್ಸು ಬರಲಿಲ್ಲ ಕಣೇ. ಬೇಕೆಂದೇ ಸೊಟ್ಟಗೆ ಹೊಡೆದೆ" ಎಂದೆ.

"ಹೌದಾ?" ಎಂದು ಅವಳು ಇನ್ನೊಂದು ಹೋಳಿಗೆ ಹಾಕಿದಳು. "ಬಸ್ಸು ಹೊರಟಿದ್ದು ಜಗಲಿಗೂ ಕಾಣ್ತಿತ್ತು. ತಿನ್ನಿ, ಆರಿಹೋಗತ್ತೆ."

ನಾನು ತಲೆಯೆತ್ತದೆ ತಿಂದೆ.