ಮುಚ್ಚಳ ತೆಗೆದ ಸಂಪು

ನಮ್ಮ ಬಡಾವಣೆಯ ಜಾಗದಲ್ಲಿ ಎಂದೂ ಕೆರೆ ಇರಲಿಲ್ಲ ಎಂದು ಎಲ್ಲರೂ ನಂಬಿದ್ದೆವು. ನಲ್ಲಿ ತಿರುಗಿಸಿದರೆ ಬರೀ ಗಾಳಿ ಬರುವ ಚಾಮರಾಜನಗರದಲ್ಲಿ ಅದನ್ನು ನಂಬುವುದು ಕಷ್ಟವೇನಲ್ಲ. ಹೀಗೆ ನಂಬಿ ಕೂತವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ.

ಚರಂಡಿ

ಎದುರು ಮನೆಯ ನಿವೃತ್ತ ಗುಮಾಸ್ತರು ಕಾರು ನಿಲ್ಲಿಸಲೆಂದು ಚರಂಡಿಗೆ ಕಾಂಕ್ರೀಟು ತುಂಬಿಸಿದರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ನಾನು. ಗುಮಾಸ್ತರ ಮನೆಗೆಲಸಕ್ಕೆ ಬರುವ, ಉಡಿಗಾಲ ಹಳ್ಳಿಯ ಹೆಂಗಸು ಕೇಳಿದಳು: "ನೀರು ಎತ್ತಗ ಓಯ್ತದ ಸಾ?"

"ಯಾವ ನೀರಮ್ಮ?" ಎಂದರು ಗುಮಾಸ್ತರು.

ಅವರಿಗೆ ಕಾರೂ ಇರಲಿಲ್ಲ.

ಸಂಪು

ಹೋದ ವರ್ಷ ಒಂದು ಮಧ್ಯಾಹ್ನ ಮಳೆ ಸುರಿಯಿತು. ಮಳೆ ಬಂದರೆ ನಮ್ಮಲ್ಲಿ ಯಾರೂ ಕಿಟಕಿ ಮುಚ್ಚುವುದಿಲ್ಲ. ಅಂಗಳದ ಸಂಪಿನ ಮುಚ್ಚಳ ತೆಗೆಯುತ್ತಾರೆ. ತಾರಸಿಯ ನೀರು ಅದಕ್ಕೆ ಬಿದ್ದಷ್ಟೂ ಲಾಭ. ಗುಮಾಸ್ತರು ಮುಚ್ಚಳ ಎತ್ತಿಟ್ಟು, ಛತ್ರಿ ಹಿಡಿದು ನನ್ನನ್ನು ಕೂಗಿದರು: "ನೋಡಿ ಬನ್ರೀ, ಆಳುದ್ದ ತುಂಬಿದೆ!"

ಅರ್ಧ ಗಂಟೆಯಲ್ಲಿ ಅಂಗಳವೂ ತುಂಬಿತು. ನೋಡಿ ಬನ್ನಿ ಎಂದು ಕರೆಯಲು ಈಗ ಸಂಪು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ.

ಫೋನು

ನಾವೆಲ್ಲ ಬಡಾವಣೆಯ ಅಂಚಿನ ಎತ್ತರದ ಸೊಟ್ಟ ರಸ್ತೆಗೆ ಓಡಿದೆವು. ಮಂಡಿನೋವಿನಿಂದ ಮನೆಯಲ್ಲೇ ಉಳಿದ ಹೆಂಡತಿಯನ್ನು ಹೊತ್ತು ತರಲು ಜನ ಕರೆಯಲೆಂದು ಗುಮಾಸ್ತರೂ ಬಂದರು. ತಿರುಗಿ ನೋಡಿದರೆ ಅಂಗಳವೆಲ್ಲ ಒಂದೇ ಕೆಂಪು ನೀರು.

"ಸಂಪು ಯಾವ ಕಡೆಗಿದೆ?" ಎಂದೆ.

"ಬಲಕ್ಕೆ."

"ಒಳಗಿನಿಂದ ಬಂದರೋ, ಹೊರಗಿನಿಂದ ಹೋದರೋ?"

"ಅದನ್ನೇ ಯೋಚನೆ ಮಾಡ್ತಿದೀನಿ."

ಯಾರೂ ಇಳಿಯಲಿಲ್ಲ. ನಗರಸಭೆಯ ದೂರಿನ ನಂಬರಿಗೆ ಫೋನು ಮಾಡಿ, "ನೀರಿನ ತೊಂದರೆ, ಬೇಗ ಬನ್ನಿ" ಎಂದೆ.

"ಬರ್ಕೊಂಡೆ ಸಾರ್. ಬೆಳಿಗ್ಗೆ ಟ್ಯಾಂಕರ್ ಕಳಿಸ್ತೀವಿ."

ಹೆಜ್ಜೆ

ನೀರು ಕಿಟಕಿಯ ಹತ್ತಿರ ಬಂದಿತ್ತು. ಕಿಟಕಿಯ ಸರಳು ಹಿಡಿದ ಗುಮಾಸ್ತರ ಹೆಂಡತಿಯ ಕೈ ಮಾತ್ರ ಕಾಣುತ್ತಿತ್ತು. ನಮ್ಮ ಜೊತೆ ರಸ್ತೆಗೆ ಓಡಿ ಬಂದಿದ್ದ ಉಡಿಗಾಲದ ಹೆಂಗಸು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಕೋಲು ತೆಗೆದುಕೊಂಡಳು.

"ದಿನಾ ಗುಡ್ಸಿ ರಂಗೋಲಿ ಬುಡೋ ಅಂಗ್ಳ ಕಣ್ರಾ ಅದು. ಮುಚ್ಚಳದ ಮ್ಯಾಲ ಬುಟ್ರ ತುಳುದ್ಬುಡ್ತರ ಅಂತ ಈಚ್ಗ ಬುಡ್ತಿನಿ. ನನ್ನಿಂದ್ಗಡನೇ ಬನ್ನಿ. ಅತ್ತಾಗಿತ್ತಾಗ ಕಾಲಾಕ್ಬ್ಯಾಡಿ."

ಗೇಟು ದಾಟಿ ಹೆಜ್ಜೆ ಎಣಿಸುತ್ತ ನಡೆದಳು. ನಾನೂ ಪಕ್ಕದ ಮನೆಯವರೂ ಹಿಂದೆ. ಐದನೆಯ ಹೆಜ್ಜೆಗೆ ನಿಂತು ಕೋಲನ್ನು ಎಡಕ್ಕೆ ಇಳಿಬಿಟ್ಟಳು. ಅದು ತಳ ಮುಟ್ಟಲಿಲ್ಲ.

ಗುಮಾಸ್ತರ ಹೆಂಡತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಉಡಿಗಾಲದವಳು ಹೇಳಿದ ಜಾಡಿನಲ್ಲೇ ಹೊತ್ತು ತಂದೆವು. ರಸ್ತೆ ಮುಟ್ಟಿದ ಮೇಲೆ ಆಕೆ ಗಂಡನನ್ನು ಕೇಳಿದ ಮೊದಲ ಮಾತು: "ಸಂಪು ತುಂಬ್ತೇನ್ರೀ?"

ಉಡಿಗಾಲದವಳು ಸೆರಗು ಹಿಂಡುತ್ತ, "ನಮ್ಮವ್ವ ಈ ಕೆರೇಲೇ ಬಟ್ಟ ಒಗೀತಿದ್ದದು" ಎಂದಳು.

"ಯಾವ ಕೆರೆ? ಇಲ್ಲಿ ಕೆರೆ ಇರಲಿಲ್ಲ" ಎಂದರು ಗುಮಾಸ್ತರು, ಸೊಂಟದವರೆಗೆ ಒದ್ದೆಯಾಗಿ.

ಅವಳು ನಮ್ಮ ಕಾಲ ಕೆಳಗಿನ ಸೊಟ್ಟ ರಸ್ತೆ ತೋರಿಸಿದಳು. ನಾವೆಲ್ಲ ಜೀವ ಉಳಿಸಿಕೊಂಡು ನಿಂತಿದ್ದುದು ಆ ಕೆರೆಯ ಏರಿಯ ಮೇಲೆ.