ಮಲ್ಲವ್ವನ ಪರವಾಗಿ ನನ್ನ ಭಾಷಣ

ಓದದ ಪುಸ್ತಕದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುವುದು ನನಗೆ ಕಷ್ಟದ ಕೆಲಸವಲ್ಲ. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನು ನಾನು. ಎಷ್ಟೋ ಪುಸ್ತಕ ಬಿಡುಗಡೆಗಳನ್ನು ಬರೀ ಮುನ್ನುಡಿಯ ಬಲದಿಂದ ದಾಟಿದ್ದೇನೆ.

ಆದ್ದರಿಂದ ಕೊಳಕೂರಿನ ಗ್ರಂಥಪಾಲಕ ಶರಣಪ್ಪ, ಜೇವರ್ಗಿಯಲ್ಲಿರುವ ನಮ್ಮ ಮನೆಗೆ ಬಂದು, "ಸರ್, ನಮ್ಮ ಲೈಬ್ರರಿ ಹುಡುಗ್ರು ಒಂದು ಕಾದಂಬರಿ ಓದಿ ಅಭಿಪ್ರಾಯ ಹೇಳ್ತಾರ. ನೀವು ನಿರ್ಣಾಯಕರಾಗಿ ಬರಬೇಕ್ರಿ" ಎಂದು ತೊಂಬತ್ತಾರು ಪುಟದ ಪುಸ್ತಕವೊಂದನ್ನು ಕೈಗಿಟ್ಟಾಗ, ನಾನು ಹಿಂಬದಿಯ ಎರಡು ಸಾಲು ನೋಡಿ ಒಪ್ಪಿಕೊಂಡೆ. 'ಭೀಮೆಯ ದಂಡೆಯ ಮಲ್ಲವ್ವನ ಮರೆಯಲಾಗದ ಬದುಕು' ಎಂದಿತ್ತು. ಸಾಕಲ್ಲ.

ಪುಸ್ತಕವನ್ನು ಓದಿದವಳು ನನ್ನ ಹೆಂಡತಿ ಶಾರದಾ.

"ಭಾಳ ಚಂದ ಅದ. ಎರಡು ತಾಸಿನ ಕೆಲಸ, ಓದಿ ಹೋಗ್ರಿ" ಎಂದಳು.

"ಹುಡುಗ್ರು ಹೇಳಾಕತ್ತಾಗ ಕಥಿ ತಾನೇ ತಿಳೀತದ" ಎಂದೆ.

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಹಂಗಾರ ನಾನೂ ಬರ್ತೇನಿ" ಎಂದಳು. ಮದುವೆಯಾದ ಮೇಲೆ ಅವಳು ನನ್ನ ಭಾಷಣ ಕೇಳಲು ತಾನಾಗಿ ಹೊರಟಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು.

ಭಾನುವಾರ ಗ್ರಂಥಾಲಯದ ಮುಂದಿನ ಕಟ್ಟೆಯ ಮೇಲೆ ನನ್ನ ಕುರ್ಚಿ, ಕೆಳಗೆ ಜಮಖಾನೆಯ ಮೇಲೆ ಮಕ್ಕಳು, ಹಿಂದೆ ಊರ ಹಿರಿಯರ ಜೊತೆ ಶಾರದಾ. ನಾನು ಪೆನ್ನು ತೆರೆದು ಗಂಭೀರವಾಗಿ ಕುಳಿತೆ.

ಮೊದಲು ಬಂದ ಚಿಕ್ಕ ಹುಡುಗಿ, "ಮಲ್ಲವ್ವ ಕದ್ದು ಬೆಲ್ಲ ತಿಂದಾಗ ನನಗ ನಗು ಬಂತ್ರಿ" ಎಂದಳು. ನಾನು ಬರೆದುಕೊಂಡೆ: ಮುಗ್ಧ ಹೆಂಗಸು, ಸಿಹಿಯ ಆಸೆ.

ಎರಡನೆಯವನು, "ಮನಿ ಮುದುಕಿ, ಮಲ್ಲವ್ವನ್ನ ಕಟ್ಟಿ ಹಾಕಿ ಒಂದು ದಿನ ಉಪವಾಸ ಇಡ್ತಾಳ್ರಿ. ಅದು ತಪ್ಪು" ಎಂದ. ನಾನು ಬರೆದುಕೊಂಡೆ: ಅತ್ತೆಯ ಕಿರುಕುಳ.

ಮೂರನೆಯವಳು ಒಂಬತ್ತನೇ ತರಗತಿಯ ಭಾಗ್ಯಶ್ರೀ. ಎರಡು ಜಡೆ, ಕೈಯಲ್ಲಿ ಒಂದು ಚೀಟಿಯೂ ಇಲ್ಲ. "ಹೊಳಿ ತುಂಬಿ ಬಂದಾಗ ಎಲ್ಲಾರೂ ಮಲ್ಲವ್ವನ್ನ ಬಿಟ್ಟು ಓಡ್ತಾರ. ಅಲ್ಲಿಂದ ನಾಕು ಪುಟ ಮಲ್ಲವ್ವನ ಸುದ್ದಿನೇ ಇಲ್ಲ. ಆ ನಾಕು ಪುಟ ಓದೂಮುಂದ ನನಗ ಊಟ ಸೇರ್ಲಿಲ್ರಿ. ಆದ್ರ ಕೊನಿ ಅಧ್ಯಾಯ ಬರಿಯೂಮುಂದ ಲೇಖಕರು ದಣಿದಿದ್ರು ಅನ್ನಸ್ತದ" ಎಂದಳು. ಲೇಖಕರ ಬಗ್ಗೆ ಇಷ್ಟು ಸಣ್ಣ ಹುಡುಗಿ ಹೀಗೆ ಮಾತಾಡಬಾರದೆಂದು ಐದು ಅಂಕ ಕತ್ತರಿಸಿದೆ.

ಕೊನೆಗೆ ಬಂದವನು ವಿನಾಯಕ. ಅವನ ದನಿ ಕೇಳಿದ ಕೂಡಲೇ ನನಗೆ ನನ್ನ ಹರೆಯ ನೆನಪಾಯಿತು. "ಮಲ್ಲವ್ವ ಒಬ್ಬ ವ್ಯಕ್ತಿಯಲ್ಲ. ಶೋಷಿತ ಹೆಣ್ಣಿನ ಮೌನ ಆಕ್ರಂದನ" ಎಂದು ಕೈ ಎತ್ತಿದ. ನಾನು ತಲೆಯಾಡಿಸಿದೆ. ಅವನ ದನಿ ಇನ್ನಷ್ಟು ಏರಿತು. ಜಮಖಾನೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಚ್ಚುಗೆಯಿಂದ ಬೆರಗಾಗಿದ್ದಾರೆ ಎಂದುಕೊಂಡೆ.

ಪ್ರಥಮ ಬಹುಮಾನ ವಿನಾಯಕನಿಗೆ ಎಂದು ಘೋಷಿಸಿ ನಾನು ಭಾಷಣಕ್ಕೆ ನಿಂತೆ. "ಮಲ್ಲವ್ವ ಇಂದಿಗೂ ನಮ್ಮ ಮನೆ ಮನೆಗಳಲ್ಲಿ ಇದ್ದಾಳೆ. ನಮ್ಮ ತಾಯಿ, ನಮ್ಮ ಅಕ್ಕ ಎಲ್ಲರೂ ಮಲ್ಲವ್ವಂದಿರೇ. ಇಲ್ಲಿ ಕುಳಿತಿರುವ ನನ್ನ ಧರ್ಮಪತ್ನಿಯಲ್ಲೂ ನಾನು ದಿನವೂ ಒಬ್ಬ ಮಲ್ಲವ್ವನನ್ನು ಕಾಣುತ್ತೇನೆ. ಮಲ್ಲವ್ವ ಭೀಮೆಯಲ್ಲಿ ಮುಳುಗಿ ಪ್ರಾಣ ಬಿಟ್ಟ ಪುಟ ಓದುವಾಗ ನಾನು ಕಣ್ಣೀರು ಹಾಕಿದೆ."

ಭಾಗ್ಯಶ್ರೀ ಎದ್ದು ನಿಂತಳು.

"ಸರ್, ಮಲ್ಲವ್ವ ಮುಳುಗಂಗಿಲ್ರಿ. ಈಸಿ ಆಚಿ ದಂಡಿಗಿ ಹೋಗ್ತದ."

"ಹೋಗ್ತದ ಅಲ್ಲಮ್ಮ, ಹೋಗ್ತಾಳ ಅನಬೇಕು" ಎಂದು ನಾನು ವ್ಯಾಕರಣ ತಿದ್ದಿದೆ.

"ಇಲ್ರಿ ಸರ್. ಮಲ್ಲವ್ವ ಅಂದ್ರ ಎಮ್ಮಿ."

ನಾನು ಶಾರದಾಳ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಮಾತ್ರ ಅಲುಗುತ್ತಿತ್ತು. ಮುಳುಗುವವನಂತೆ ನಾನು ವಿನಾಯಕನ ಕಡೆ ತಿರುಗಿದೆ. "ನೀನು ಹೇಳಪ್ಪ. ಎಮ್ಮೆ ಒಂದು ಸಂಕೇತ, ಅಲ್ಲವೆ?"

ಅವನು ತಲೆ ತಗ್ಗಿಸಿದ. "ನಾನೂ ಓದಿಲ್ರಿ ಸರ್. ನೀವು ತಲಿ ಅಲ್ಲಾಡ್ಸಿದ್ರಿ, ಬರೋಬ್ಬರಿ ನಡದದ ಅಂತ ಮುಂದ ಹೇಳ್ದೆ."

ಬಹುಮಾನ ಭಾಗ್ಯಶ್ರೀಗೆ ಹೋಯಿತು. ನಾನೇ ಕೊಟ್ಟೆ, ಕತ್ತರಿಸಿದ ಐದು ಅಂಕವನ್ನೂ ಸೇರಿಸಿ. ಅವಳು ನನ್ನನ್ನು ಗೇಲಿ ಮಾಡಲಿಲ್ಲ. "ಓದ್ರಿ ಸರ್, ಭಾಳ ಚಂದ ಅದ" ಎಂದಷ್ಟೇ ಹೇಳಿದಳು. ಅದು ಗೇಲಿಗಿಂತ ಜಾಸ್ತಿ ಚುಚ್ಚಿತು. ಬಸ್ಸಿನಲ್ಲಿ ಶಾರದಾ, "ನನ್ನೊಳಗ ದಿನಾ ಎಮ್ಮಿ ಕಾಣ್ತದ ಅಂತ ಊರ ಮಂದಿ ಮುಂದ ಹೇಳಿದ್ರಿ. ಸಂತೋಷ" ಎಂದು ಕಿಟಕಿಯ ಕಡೆ ತಿರುಗಿದಳು.

ಅಂದು ಮನೆಗೆ ಬಂದವನೇ ಪುಸ್ತಕ ಓದಿದೆ. ಆ ನಾಲ್ಕು ಪುಟಗಳಲ್ಲಿ ನನಗೂ ಊಟ ಸೇರಲಿಲ್ಲ. ಮರುದಿನ ಶರಣಪ್ಪನಿಗೆ ಫೋನ್ ಮಾಡಿ, "ಮುಂದಿನ ತಿಂಗಳೂ ಬರ್ತೇನಿ, ಆದ್ರ ಸ್ಪರ್ಧಿಯಾಗಿ" ಎಂದೆ. ಅವನು ಬೇಡವೆನ್ನಲಿಲ್ಲ. ಮುಂದಿನ ಕಾದಂಬರಿಯನ್ನು ಎರಡು ಸಲ ಓದಿ, ಮಕ್ಕಳ ಜೊತೆ ಜಮಖಾನೆಯ ಮೇಲೆ ಕುಳಿತು, ಸರದಿ ಬಂದಾಗ ಎದ್ದು ಅಭಿಪ್ರಾಯ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಹಿಂದಿನ ತಿಂಗಳು ಗೆದ್ದದ್ದಕ್ಕೆ ಈ ಸಲ ನಿರ್ಣಾಯಕಿಯಾಗಿದ್ದ ಭಾಗ್ಯಶ್ರೀ ಫಲಿತಾಂಶ ಓದಿದಳು. ಏಳು ಸ್ಪರ್ಧಿಗಳಲ್ಲಿ ನನಗೆ ಆರನೆಯ ಸ್ಥಾನ.

ಏಳನೆಯವನು ಜ್ವರ ಬಂದು ಗೈರುಹಾಜರಾಗಿದ್ದ.